ಮುದ್ದು ಮಾಡಿ ಕೆಡಿಸಿದ ಬೂಸ್ಟು

ಸಿಕಿರೆಸ್, ಕೋಸ್ಟರಿಕಾ
11 ಆಗಸ್ಟ್ 2019

ಎವೆಲಿಯೋ ಅವರಿಗೆ,

'ಪ್ರೀತಿಯ' ಅಂತ ಶುರುಮಾಡಲು ಹೋದೆ, ಕೈ ಏಳಲಿಲ್ಲ. 'ನೀವು' ಮಾತ್ರ ಬಿಟ್ಟಿಲ್ಲ. ನಮ್ಮ ಕಡೆ ಗಂಡನಿಗೂ ನಾಯಿಗೂ ಹಾಗೇ ಅನ್ನುತ್ತೇವಲ್ಲ, ಮರ್ಯಾದೆ ಅಂದುಕೊಳ್ಳಬೇಡಿ.

ನಿಮ್ಮ ಕಾಗದ ತಲುಪಿತು. ನಾನು ಮನೆ ಬಿಟ್ಟು ಬಂದ ಮೂರು ವರ್ಷಕ್ಕೆ ಇದೇ ಮೊದಲನೆಯದು. ನಿಮ್ಮ ಲ್ಯಾಬಿನ ಬೂಸ್ಟು ಈಗ ಬ್ಯಾಕ್ಟೀರಿಯಾ ಕೊಲ್ಲುತ್ತಿಲ್ಲವಂತೆ. ಗುರುವಾರ ಔಷಧ ಕಂಪನಿಯವರು ನೋಡಲು ಬರುತ್ತಾರಂತೆ. ಮೂಲ ತಳಿ ನನ್ನ ಹತ್ತಿರ ಇದ್ದರೆ ಕೊಟ್ಟು, ಹಳೆಯದನ್ನೆಲ್ಲ ಮರೆಯಬೇಕಂತೆ.

ಮರೆಯಲೇ? ಅಮ್ಮನ ಕೋಕೋ ಮರದ ಬುಡದಿಂದ ಆ ಬೂಸ್ಟಿದ್ದ ಮಣ್ಣು ಕೆದಕಿ ತಂದವಳು ನಾನು. ಸಾವಿರದ ಇನ್ನೂರು ತಟ್ಟೆಗಳಲ್ಲಿ ಬೂಸ್ಟು ಬೆಳೆಸಿ ನೋಡಿದವಳು ನಾನು. ಯಾವ ಔಷಧಕ್ಕೂ ಬಗ್ಗದ ಆಸ್ಪತ್ರೆಯ ಬ್ಯಾಕ್ಟೀರಿಯಾ ಒಂದು ತಟ್ಟೆಯಲ್ಲಿ, ಬೂದು ಬೂಸ್ಟಿನ ಸುತ್ತ, ಒಂದು ಬೆರಳಗಲ ಸತ್ತುಬಿದ್ದಿತ್ತು. ನೀವು ಅದನ್ನು ಬೆಳಕಿಗೆ ಹಿಡಿದು, "ಅಯ್ಯೋ ನಿಡಿಯಾ, ಗೆದ್ವಿ ಕಣ್ರೀ!" ಎಂದು ನನ್ನನ್ನು ಎತ್ತಿ ಕುಣಿಸಿದಿರಿ.

ಸಂಶೋಧನಾ ಲೇಖನ ಅಚ್ಚಾದಾಗ ನಿಮ್ಮ ಹೆಸರು ಎಲ್ಲಕ್ಕಿಂತ ಮೇಲೆ. ನನ್ನದು ಕೊನೆಯ ಪುಟದ ಕೃತಜ್ಞತೆಯಲ್ಲಿ, ತಟ್ಟೆ ತೊಳೆಯುವಾಕೆಯ ಕೆಳಗೆ. ಕೇಳಿದ್ದಕ್ಕೆ ಎಲ್ಲರೆದುರು ನಕ್ಕು, "ಮಣ್ಣು ಯಾರು ಬೇಕಾದ್ರೂ ತರ್ತಾರೆ, ಅದ್ರಲ್ಲಿ ಬ್ಯಾಕ್ಟೀರಿಯಾ ಕೊಲ್ಲೋ ಪೆಪ್ಟೈಡ್ ಕಂಡುಹಿಡಿಯೋಕೆ ತಲೆ ಬೇಕು" ಅಂದಿರಿ. ನಾನು ಮನೆ ಬಿಟ್ಟಿದ್ದು ಅದಕ್ಕೇ.

ತಲೆ ಇದೆಯಲ್ಲ, ಕೇಳಿ. ಬೂಸ್ಟು ಆ ಪೆಪ್ಟೈಡ್ ಒಸರುವುದು ನಮ್ಮ ಮೇಲಿನ ಪ್ರೀತಿಗಲ್ಲ. ಅದಕ್ಕೆ ಹಸಿವಿರಬೇಕು, ಅನ್ನ ಕಸಿಯುವ ವೈರಿ ಪಕ್ಕದಲ್ಲೇ ಇರಬೇಕು. ನೀವು ಆಲೂಗಡ್ಡೆ ಗಂಜಿ, ಸಕ್ಕರೆ ಸುರಿದು, ವಾರಕ್ಕೆರಡು ಸಲ ಹೊಸ ತಟ್ಟೆಗೆ ದಾಟಿಸಿ, ಮೂರು ವರ್ಷ ಮುದ್ದು ಮಾಡಿದಿರಿ. ಈಗದು ಮನೆ ಅಳಿಯನ ಹಾಗೆ ತಿಂದು ಕೊಬ್ಬಿದೆ, ಕೊಲ್ಲುವುದು ಮರೆತಿದೆ.

ಮೂಲ ತಳಿ ಇದೆ. ಒಣ ಮರಳಿನಲ್ಲಿ ಕಾಪಾಡಿದ್ದೇನೆ, ಮೊದಲಿನಷ್ಟೇ ಉಗ್ರವಾಗಿದೆ. ನಿಮಗೆ ಕೊಡುವುದಿಲ್ಲ. ಹೋದ ತಿಂಗಳು ರಾಜಧಾನಿಯ ಶಿಲೀಂಧ್ರ ಸಂಗ್ರಹಾಲಯಕ್ಕೆ, ಬೆಳೆಸುವ ಕ್ರಮದ ಸಮೇತ, ಒಪ್ಪಿಸಿಬಿಟ್ಟೆ. ಯಾರು ಕೇಳಿದರೂ ಕೊಡುತ್ತಾರೆ, ನಿಮಗೂ. ಅರ್ಜಿಯಲ್ಲಿ 'ಕಂಡುಹಿಡಿದವರು' ಎಂಬ ಜಾಗವಿದೆ. ಅಲ್ಲಿ ನನ್ನ ಪೂರ್ತಿ ಹೆಸರನ್ನು ನಿಮ್ಮ ಕೈಯಾರೆ ಬರೆಯಬೇಕು. ಬರೆದರೂ ಗುರುವಾರದೊಳಗೆ ಸಿಗದು, ಹದಿನೈದು ದಿನ ಹಿಡಿಯುತ್ತದಂತೆ. ವಿಚಾರಿಸಿಯೇ ಬರೆಯುತ್ತಿದ್ದೇನೆ.

ಈಗ ನಿಮ್ಮವಳಲ್ಲದ,
ನಿಡಿಯಾ ಕಾಂಪೋಸ್ ಬ್ರೆನೆಸ್

ತಾ.ಕ.: ಗಂಜಿ-ಸಕ್ಕರೆ ಹಾಕಿ, ಬೇಗಬೇಗ ದಾಟಿಸಿದರೆ ಬೆಳೆ ದುಪ್ಪಟ್ಟಾಗುತ್ತದೆ ಎಂಬ ಉಪಾಯ ಎಲ್ಲಿ ಸಿಕ್ಕಿತ್ತು, ನೆನಪಿದೆಯೇ? ಮನೆ ಬಿಟ್ಟ ದಿನ ನಿಮ್ಮ ಮೇಜಿನ ಮೇಲೆ ನಾನು ಬಿಟ್ಟುಬಂದ ನೋಟ್‌ಬುಕ್ಕಿನಲ್ಲಿ. ಆ ಪುಟವನ್ನು ನಿಮಗಾಗಿಯೇ ಬರೆದಿದ್ದೆ. ಕದಿಯದೆ ಇದ್ದಿದ್ದರೆ ನಿಮಗೇನೂ ಆಗುತ್ತಿರಲಿಲ್ಲ.