ಜೋಳದ ಚೀಲ ಕುಳಿತ ಸೀಟು

ಸಯನ್, ಮುಂಬಯಿ
ಗುರುವಾರ, ೧೪ ನವೆಂಬರ್ ೨೦೨೪

ಭಾಂಡುಪ್‌ನಲ್ಲಿ ಕಾರು ಕಟ್ಟುತ್ತ ಕುಳಿತಿರುವ ಶ್ರೀ ಅಣವೀರಪ್ಪನವರಿಗೆ ಅವರ ಹೆಂಡತಿ ರಂಜನಾಳ ಶರಣು.

ಗಂಡನ ಹೆಸರು ಹಿಡಿದು ಬರೆದಿದ್ದಾಳೆ ಎಂದು ಹುಬ್ಬೇರಿಸಬೇಡಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹೂಂ’ ಅನ್ನುವುದು, ನಾನು ‘ಏನು ಹೂಂ?’ ಅನ್ನುವುದು, ಆಮೇಲೆ ಇಬ್ಬರೂ ಸುಮ್ಮನಿರುವುದು, ಇಷ್ಟೇ ತಾನೆ ನಡೆಯುವುದು? ಈ ಕಾಗದವನ್ನು ನಾಳೆ ನಿಮ್ಮಕ್ಕ ಮಲ್ಲಕ್ಕನ ಕೈಯಲ್ಲಿ ಕಳಿಸುತ್ತೇನೆ. ನಡುವೆ ಎದ್ದು ವೆಲ್ಡಿಂಗಿಗೆ ಹೋಗದೆ ಕೂತು ಪೂರ್ತಿ ಓದಿ.

ನೀವು ಕಳಿಸಿದ ಎರಡೂ ಫೋಮ್ ಸೀಟು ತಲುಪಿದವು. ಪಾಪ, ಮಲ್ಲಕ್ಕ ಅವನ್ನು ಚಾದರದಲ್ಲಿ ಕಟ್ಟಿಕೊಂಡು ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು ತಂದರು. ‘ಇವಕ್ಕ ರೆಕ್ಸಿನ್ ಕವರ್ ಹೊಲದು ಕೊಡಬೇಕಂತವಾ’ ಎಂದು ಹೇಳಿ ನೀರು ಕುಡಿದರು. ನಿಮ್ಮಿಂದ ಒಂದು ಸಾಲಿನ ಚೀಟಿ ಇಲ್ಲ, ಹೇಗಿದ್ದಾಳೆ ಎಂಬ ಮಾತಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಯುಗಾದಿಗೆ ಶುರುವಾದದ್ದು ದೀಪಾವಳಿಯನ್ನೂ ದಾಟಿತು. ಇಲ್ಲಿ ನನ್ನ ತಮ್ಮ ಬಸುವಿನ ಮನೆಯಲ್ಲಿ ಹಬ್ಬದ ದಿನ ಬಾಗಿಲು ಸಪ್ಪಳವಾದಾಗಲೆಲ್ಲ ನಾನೇ ಎದ್ದು ಹೋದೆ. ಹಾಲಿನವನು ಬಂದ, ಚಕ್ಕುಲಿ, ಉಂಡೆಯ ಫರಾಳದ ತಾಟು ಹಿಡಿದುಕೊಂಡು ಪಕ್ಕದ ಮನೆಯವರು ಬಂದರು.

ಇರಲಿ, ಸೀಟಿನ ವಿಷಯಕ್ಕೆ ಬರುತ್ತೇನೆ. ಹೊಲಿಗೆಯವಳ ಕೈ ಅಳತೆ ಹಿಡಿಯುವ ಮುಂಚೆ ಮುಟ್ಟಿ ನೋಡುತ್ತದೆ. ನಿಮ್ಮ ಸೀಟಿನ ಮೇಲೆ ಕೈಯಾಡಿಸಿದೆ, ಎಲ್ಲ ಸರಿಯಿತ್ತು. ಇನ್ನೊಂದರ ಮೇಲೆ ಆಡಿಸಿದರೆ ಬೆನ್ನಿನ ಗುರುತಿಲ್ಲ, ಸೊಂಟದ ಗುರುತಿಲ್ಲ, ನಡುವೆ ಒಂದೇ ಒಂದು ದೊಡ್ಡ ತಗ್ಗು. ಇದರಲ್ಲಿ ಯಾರನ್ನು ಕೂಡಿಸಿದ್ದರು ಅಕ್ಕಾ ಎಂದು ಕೇಳಿದೆ. ಸುಳ್ಳು ಯಾಕೆ ಹೇಳಲಿ, ಬೇರೆ ಯಾವಳೋ ಕೂತಿದ್ದಾಳೆ ಎಂದೇ ತಿಳಿದಿದ್ದೆ. ಮಲ್ಲಕ್ಕ ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟರು. ‘ಅಯ್ಯ ತಂಗಿ, ಜ್ವಾಳದ ಚೀಲ ಕುಂತಿತ್ತು!’

ಆಮೇಲೆ ಒಂದೊಂದಾಗಿ ಹೇಳಿದರು. ಎರಡು ಡಬ್ಬಿಯ ದ್ರಾವಣ ಕಲಸಿ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಅದರ ಮೇಲೆ ನೀವು ಉಸಿರು ಬಿಗಿಹಿಡಿದು ಕುಳಿತಿರಂತೆ. ಅದು ಹುದುಗಿದ ಹಿಟ್ಟಿನ ಹಾಗೆ ಉಬ್ಬಿ, ಬಿಸಿಯಾಗಿ, ಮೈಯ ಸುತ್ತ ಗಟ್ಟಿಯಾಯಿತಂತೆ. ಕೂತವರ ಮೈ ಹೇಗಿದೆಯೋ ಸೀಟು ಹಾಗೇ ಆಗುತ್ತದಂತೆ. ಪಕ್ಕದ ಸೀಟಿನ ಸರದಿ ಬಂದಾಗ, ಊರಿನಿಂದ ಬಂದ ಜೋಳದ ಚೀಲದಿಂದ ಒಂದಿಷ್ಟು ಜೋಳ ತೆಗೆದು, ನನ್ನ ತೂಕಕ್ಕೆ ತಂದು, ಅದಕ್ಕೆ ನನ್ನ ಹಸಿರು ಇಳಕಲ್ ಸೀರೆ ಸುತ್ತಿ ಕೂಡಿಸಿದಿರಂತೆ. ಪ್ಲಾಸ್ಟಿಕ್ ಹರಿದು ಸೆರಗಿಗೆ ಫೋಮ್ ಅಂಟಿದೆಯಂತೆ. ಅದು ಈ ಜನ್ಮದಲ್ಲಿ ಹೋಗುವುದಿಲ್ಲ.

ಏನ್ರೀ, ಇಷ್ಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದವಳು ಜೋಳದ ಚೀಲವೇ? ಚೀಲಕ್ಕೆ ಬೆನ್ನಿರುತ್ತದೆಯೇ? ಕುತ್ತಿಗೆ ನೋಯುತ್ತದೆಯೇ? ಅದರಲ್ಲಿ ಕೂತು ನೋಡಿದೆ, ಬೆನ್ನು ಎಲ್ಲಿಯೂ ತಾಗುವುದಿಲ್ಲ. ಒಂದು ಸುತ್ತು ಹೋಗಿ ಬಂದರೆ ದವಾಖಾನೆಗೆ ಹೋಗಬೇಕು.

ನನಗೆ ಸಿಟ್ಟು ಬಂದದ್ದು ಯುಗಾದಿಯಲ್ಲೂ ಕಾರಿನ ಮೇಲೆ ಅಲ್ಲ. ಸೋಲಾಪುರದ ಮದುವೆ ಮುಗಿಸಿಕೊಂಡು ಬರುವಷ್ಟರಲ್ಲಿ ಮನೆ ಮುಂದಿನ ಪತ್ರಾಸ್ ತಗಡಿನ ಶೆಡ್ಡಿನಿಂದ ನನ್ನ ಹೊಲಿಗೆ ಮಷಿನ್ ಮಾಯವಾಗಿತ್ತು. ಅದನ್ನು ಮಾಳಿಗೆಗೆ ಎತ್ತಿಹಾಕಿ, ಅಲ್ಲಿ ಕಬ್ಬಿಣದ ಪೈಪುಗಳನ್ನು ಬೆಸೆದು ಕಾರಿನ ಅಸ್ಥಿಪಂಜರ ನಿಲ್ಲಿಸಿದ್ದಿರಿ. ‘ಏನಾತೀಗ, ಮ್ಯಾಲಿಟ್ಟೀನಿ, ಮಾರಿಲ್ಲಲ್ಲ’ ಎಂದಿರಿ. ಒಂದು ಮಾತು ಕೇಳಿದ್ದರೆ ನಾನೇ ಜಾಗ ಮಾಡಿಕೊಡುತ್ತಿದ್ದೆ. ಅಲ್ಲಿ ಕೂತೇ ನಾನು ಇಡೀ ಚಾಳಿನ ರವಿಕೆ ಹೊಲಿದೆ. ಅದು ನನ್ನ ಜಾಗವಾಗಿತ್ತು. ಅದಕ್ಕೇ ಬಸುವಿನ ಮನೆಗೆ ಬಂದುಬಿಟ್ಟೆ. ಅವತ್ತು ಕೇಳದೆ ಮಷಿನ್ ಎತ್ತಿದಿರಿ, ಈಗ ಕೇಳದೆ ಚೀಲ ಕೂಡಿಸಿದಿರಿ.

ಹೀಗೆಂದು ಮಲ್ಲಕ್ಕನ ಮುಂದೆ ಬೈಯುತ್ತಲೇ ಇದ್ದೆ. ಕೊನೆಗೆ ಅವರು ಹೇಳಿದರು: ‘ನಾನೇ ಕುಂದರತೀನಿ ಬಿಡೋ, ಆಕಿಗಿಂತ ಚೂರು ದಪ್ಪ ಅದೀನಿ ಅಷ್ಟ, ಅಂದೆವಾ. ಬ್ಯಾಡಕ್ಕ, ಅಲ್ಲಿ ಬ್ಯಾರೆಯವರು ಕುಂದರೂದು ಬ್ಯಾಡ ಅಂದ. ಹಂಗಾರ ಆಕೀನ್ನೇ ಕರಿಯೋ ಅಂದ್ರ, ಕರದ್ರ ಬರತಾಳೋ ಇಲ್ಲೋ ಅಂದು ಆ ಕಡೆ ಮಾರಿ ಮಾಡಿದ.’

ನಾನು ಒಳಗೆ ಹೋಗಿ ಚಹಾಕ್ಕಿಟ್ಟೆ. ಸಕ್ಕರೆ ಎರಡು ಸಲ ಹಾಕಿದೆನಂತೆ, ಮಲ್ಲಕ್ಕ ಆಮೇಲೆ ಹೇಳಿದರು. ಎಂಥ ಮನುಷ್ಯರು ನೀವು! ಸ್ವಂತ ಅಕ್ಕನನ್ನೂ ಕೂಡಿಸದೆ ಆ ಜಾಗ ಕಾಯುತ್ತೀರಿ. ಯಾರಿಗಾಗಿ ಕಾಯುತ್ತೀರೋ ಅವಳಿಗೆ ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನೊಂದು ಹೇಳಬೇಕು. ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ, ಮಲ್ಲಕ್ಕನೂ ಪೇಟೆಗೆ ಹೋಗಿದ್ದರು. ನಿಮ್ಮ ಸೀಟನ್ನು ನೆಲದ ಮೇಲಿಟ್ಟು, ಗೋಡೆಗೆ ಆನಿಸಿ, ಅದರಲ್ಲಿ ಕುಳಿತೆ. ನಿಮ್ಮ ಬಲಭುಜ ಕೆಳಗಿಳಿದಿರುವುದು ಅದರಲ್ಲಿ ಹಾಗೇ ಇದೆ. ಹಿಂದಿನ ಜೇಬಿನಿಂದ ಅಳತೆ ಟೇಪು ತೆಗೆಯದೆಯೇ ಕುಳಿತಿದ್ದೀರಿ, ಅದರ ಗುಂಡನೆಯ ಗುಳಿಯೂ ಇದೆ. ನನಗಿಂತ ಅಗಲವಾದ ಬೆನ್ನಿನ ಜಾಗದಲ್ಲಿ ಒರಗಿದೆ. ಎಷ್ಟೋ ದಿನದ ಮೇಲೆ ನಿಮ್ಮ ಹತ್ತಿರ ಕುಳಿತ ಹಾಗಾಯಿತು. ಅಳು ಬಂತು. ಕಾಲು ಚಾಚಿ ಅತ್ತೆ. ಅಷ್ಟರಲ್ಲಿ ಬಸು ಬಾಗಿಲು ತೆಗೆದು ಬಂದ. ‘ಅಕ್ಕಾ, ಗಾಡಿ ಎಲ್ಲಿಗೆ ಹೊಂಟದ?’ ಎಂದ. ಕವರಿಗೆ ಅಳತೆ ನೋಡುತ್ತಿದ್ದೆ ಎಂದೆ. ಅವನು ನಂಬಿದ ಹಾಗೆ ಮಾಡಿದ. ಒಳ್ಳೆಯ ಹುಡುಗ.

ಈ ಗಾಡಿ ರಸ್ತೆಗಿಳಿಯಲು ಆರ್‌ಟಿಓದವರು ಬಿಡುವುದಿಲ್ಲ ಎಂದು ಬಸು ಹೇಳುತ್ತಾನೆ. ಅದು ನಿಮಗೂ ಗೊತ್ತು. ನಿಮ್ಮ ಶೇಟ್‌ನ ಕಾರ್ಖಾನೆಯ ಕಂಪೌಂಡಿನಲ್ಲಿ ರಜೆಯ ದಿನ ಸುತ್ತು ಹೊಡೆಯಬೇಕು, ಅಷ್ಟೇ. ಹಾಗಾದರೆ ಯಾತಕ್ಕೆ ಈ ಸ್ಪೋರ್ಟ್ಸ್ ಕಾರು ಎಂದು ಮೊದಲು ನನಗೆ ತಿಳಿಯುತ್ತಿರಲಿಲ್ಲ. ಈಗ ತಿಳಿದಿದೆ ಅನ್ನಿಸುತ್ತದೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾವು ಎಲ್ಲಿಗೆ ಹೋದರೂ ಒಂದೇ ಲೋಕಲ್, ಬೇರೆ ಬೇರೆ ಡಬ್ಬಿ. ನಾನು ಲೇಡೀಸ್‌ನಲ್ಲಿ, ನೀವು ಜನರಲ್‌ನಲ್ಲಿ ಬಾಗಿಲಿಗೆ ಜೋತುಬಿದ್ದು. ಇಳಿದ ಮೇಲೆ ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಒಬ್ಬರನ್ನೊಬ್ಬರು ಹುಡುಕುವುದು. ಮೊದಲ ವರ್ಷ ಒಮ್ಮೆ ನೀವು ಮೆಲ್ಲಗೆ ಹೇಳಿದ್ದಿರಿ, ಎಂದಾದರೂ ಎರಡೇ ಸೀಟಿನ ಗಾಡಿ ಮಾಡಬೇಕು, ಮೂರನೆಯವರು ಹತ್ತಲೇಬಾರದು ಎಂದು. ನಾನು ನಕ್ಕು ಮರೆತುಬಿಟ್ಟೆ. ನೀವು ಮರೆತಿರಲಿಲ್ಲ.

ಆದರೂ ನಾನು ಸೋತೆ ಎಂದು ತಿಳಿಯಬೇಡಿ. ಆ ಚೀಲದ ಸೀಟಿಗೆ ನಾನು ಕವರ್ ಹೊಲಿಯುವುದಿಲ್ಲ. ಅದನ್ನು ಕತ್ತರಿಸಿ ದಿಂಬಿಗೆ ತುಂಬುತ್ತೇನೆ. ಮೊದಲು ನನ್ನ ಮಷಿನ್ ಕೆಳಗಿಳಿಸಿ, ಎಣ್ಣೆ ಬಿಡಿ. ಶೆಡ್ಡಿನಲ್ಲಿ ಜಾಗ ಸಾಲದಿದ್ದರೆ ಕಾರನ್ನು ಓರೆಯಾಗಿ ನಿಲ್ಲಿಸಿ. ಆಮೇಲೆ ನೀವೇ ಸಯನ್‌ಗೆ ಬಂದು, ಮಲ್ಲಕ್ಕನ ಬಾಯಿಂದಲ್ಲ, ನಿಮ್ಮ ಬಾಯಿಂದ ‘ಬರತೀಯೇನು’ ಎಂದು ಕೇಳಿ. ಅಲ್ಲಿಯವರೆಗೆ ನಾನು ಭಾಂಡುಪ್‌ನಲ್ಲಿ ಕಾಲಿಡುವವಳಲ್ಲ.

ಇನ್ನೂ ಸಿಟ್ಟಿನಲ್ಲಿಯೇ ಇರುವ,
ನಿಮ್ಮ ರಂಜನಾ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ನಿಮ್ಮನ್ನು ನಾನು ಬಲ್ಲೆ. ಹೋಗಬೇಕು ಹೋಗಬೇಕು ಅನ್ನುತ್ತಲೇ ಸಂಕ್ರಾಂತಿ ಮಾಡುತ್ತೀರಿ. ರವಿವಾರ ನಾನೇ ಬರೋಣವೆಂದರೆ ಹಳಿ ರಿಪೇರಿಯ ಮೆಗಾ ಬ್ಲಾಕ್, ಗಾಡಿ ಸರಿಯಾಗಿ ಇರುವುದಿಲ್ಲ. ಅದಕ್ಕೆ ಶನಿವಾರವೇ ಬರುತ್ತೇನೆ. ಕೇಳುವುದನ್ನು ಸ್ಟೇಷನ್ನಿನಲ್ಲಿಯೇ ಕೇಳಿದರೂ ನಡೆದೀತು. ಆದರೆ ಹೊಸ ಫೋಮ್ ಈಗಲೇ ಕಲಸಬೇಡಿ. ನಾನು ಬಹಳ ಇಳಿದುಹೋಗಿದ್ದೇನೆ, ರವಿಕೆಗಳನ್ನೆಲ್ಲ ಎರಡೆರಡು ಸಲ ಒಳಗೆ ಹಿಡಿದು ಹೊಲಿದುಕೊಂಡಿದ್ದೇನೆ. ಈಗಿನ ಮೈಗೆ ಸೀಟು ಮಾಡಿದರೆ ಮುಂದೆ ಬಿಗಿಯಾಗುತ್ತದೆ. ಒಂದೆರಡು ತಿಂಗಳು ನಮ್ಮ ಮನೆಯಲ್ಲಿ ನಿಮ್ಮ ಜೊತೆ ಕೂತು ಉಂಡ ಮೇಲೆ ಅಳತೆಗೆ ಕುಳಿತುಕೊಳ್ಳುತ್ತೇನೆ.