ಹುಳಿ ನೋಡಿದ ನಾಲಿಗೆ

ಅತ್ತೆಗೆ,

ನಿಮ್ಮ ಸೊಸೆ ನಾಗಮಣಿ ಬರೆಯುತ್ತಿದ್ದೇನೆ. ನೀವಿದ್ದಾಗ ನಿಮ್ಮೆದುರು ಕೂತು ಒಂದು ಮಾತನ್ನೂ ಪೂರ್ತಿ ಆಡಿದವಳಲ್ಲ ನಾನು. "ಇವಳ್ಗೆ ಬಾಯಿ ಕೊಡದ್ನ ದೇವ್ರು ಮರ್ತೇಬುಟ್ಟವ್ನೆ" ಅಂತ ಬೀದಿಯವರಿಗೆಲ್ಲ ಹೇಳಿ ನಗುತ್ತಿದ್ದಿರಿ. ಆ ನಾನು ಮೈಸೂರಿನ ಕೋರ್ಟಿನಲ್ಲಿ, ಅಷ್ಟು ಜನರ ಮುಂದೆ ನಿಂತು ನಿಮ್ಮ ವಿಷಯ ಮಾತಾಡಿ ಬಂದೆ. ಏನು ಮಾತಾಡಿದೆ ಅನ್ನುವುದನ್ನು ನಾನೇ ನಿಮಗೆ ತಿಳಿಸಬೇಕು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಅಲ್ಲಲ್ಲಿ ತಪ್ಪಿರಬಹುದು. ನಿಮಗೆ ಓದು ಬರುತ್ತಿರಲಿಲ್ಲ, ಅದೊಂದು ಧೈರ್ಯ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಮೇಸ್ತ್ರಿ ಸಿದ್ದರಾಜು ಲಗೇಜ್ ಆಟೋ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ ಮೂಟೆ ಇಳಿಸಿದ. ನರಸೀಪುರದ ಕಡೆ ನಮ್ಮೂರಿನಲ್ಲಿ ನಾನು ನಾಟಿ ಹಾಕಿದ್ದೆ, ಕಳೆ ಕಿತ್ತಿದ್ದೆ, ಇಂಥದ್ದನ್ನು ನೋಡಿರಲಿಲ್ಲ. "ಒಡ್ದಾಕಿರ ಬ್ಯಾಟ್ರಿ ಡಬ್ಬ ಕಣವ್ವ. ಒಳ್ಗಿರ ಸೀಸವ ಫ್ಯಾಕ್ಟ್ರಿಯೋರು ಕರುಗ್ಸ್ಕೋತರೆ, ಈ ಚಿಪ್ಪ ನಾವು ತೊಳ್ದು ಕೊಡ್ಬೇಕು" ಅಂದಿರಿ. ನಂಜನಗೂಡಿನ ಆ ಫ್ಯಾಕ್ಟರಿ ನಮ್ಮ ಬೀದಿಯ ಗಂಡಸರನ್ನು ಕೆಲಸಕ್ಕೆ ಗೇಟಿನೊಳಗೆ ಬಿಟ್ಟುಕೊಳ್ಳಲಿಲ್ಲ. ಹೆಂಗಸರಿಗೆ ಮಾತ್ರ ಮನೆ ಬಾಗಿಲಿಗೇ ಕೆಲಸ ಕಳಿಸಿತು. ನೀವು ಟಬ್ಬಿನ ಮುಂದೆ ಕಾಲು ಚಾಚಿ ಕೂತು ತೆಂಗಿನ ನಾರಿನಲ್ಲಿ ಉಜ್ಜಲು ಶುರು ಮಾಡಿದಿರಿ. ನಾನೂ ಪಕ್ಕದಲ್ಲಿ ಕೂತೆ. ನೀರು ಕಪ್ಪಗಾಗಿ ಮೋರಿಗೆ ಹರಿಯಿತು.

ಆ ಮೂಟೆ ಮುಗಿದಾಗ ನೀವು ಒಂದು ಚಿಪ್ಪನ್ನು ಎತ್ತಿ ನಾಲಿಗೆಯ ತುದಿಗೆ ಮುಟ್ಟಿಸಿದಿರಿ. ಯಾಕೆ ಅಂತ ಕೇಳುವ ಧೈರ್ಯ ನನಗೆಲ್ಲಿತ್ತು? ನೀವೇ ಹೇಳಿದಿರಿ: "ಆಸಿಡ್ಡಿನ ಉಳಿ ಓಯ್ತೋ ಇಲ್ವೋ ಅಂತ ಇನ್ನೆಂಗೆ ಗೊತ್ತಾದದು? ಸಾರ್ಗೆ ಉಪ್ಪು ನೋಡಕಿಲ್ವಾ, ಅಂಗೇಯ." ಇದನ್ನು ನಿಮಗೆ ಕಲಿಸಿದವನು ಸಿದ್ದರಾಜು. "ನಾಲ್ಗೆಗೆ ಮುಟ್ಸಿ ನೋಡಕ್ಕ, ಉಳಿ ಬಂದ್ರೆ ಇನ್ನೊಂದ್ ನೀರಾಕು" ಅನ್ನುತ್ತಿದ್ದ. ಹುಳಿ ಉಳಿದ ಮೂಟೆಯನ್ನು ವಾಪಸ್ ತಂದು ಇಳಿಸುತ್ತಿದ್ದ, ಎರಡನೇ ಸಲ ತೊಳೆದದ್ದಕ್ಕೆ ಕೂಲಿ ಇಲ್ಲ. ಪಕ್ಕದ ಮನೆ ಪುಟ್ಟಮ್ಮಣ್ಣಿಯ ಮೂಟೆ ಎಷ್ಟೋ ಸಲ ತಿರುಗಿ ಬಂದದ್ದುಂಟು. ನಿಮ್ಮದು ಬರಲಿಲ್ಲ. ಮದುವೆ ಮನೆಗಳಲ್ಲಿ ಸಾರಿನ ಹದ ಹೇಳಲು ಚಿಕ್ಕತಾಯಮ್ಮನೇ ಬರಬೇಕು ಅನ್ನುತ್ತಿದ್ದರಲ್ಲ, ಅದೇ ನಾಲಿಗೆ. ಅದರ ಮೇಲೆ ನಿಮಗೆ ಹೆಮ್ಮೆ. ನಾನು ನನ್ನ ಪಾಲಿನ ಚಿಪ್ಪನ್ನು ಬಾಯಿಗೆ ತರುವ ಮೊದಲೇ "ತತ್ತಾ ಇಲ್ಲಿ, ನಿಂಗೊತ್ತಾಗಕಿಲ್ಲ" ಅಂತ ಕಿತ್ತುಕೊಳ್ಳುತ್ತಿದ್ದಿರಿ. ಅದರಿಂದಲೇ ನಾನು... ಅದನ್ನು ಆಮೇಲೆ ಬರೆಯುತ್ತೇನೆ.

ಫ್ಯಾಕ್ಟರಿಯ ಆಫೀಸರೊಬ್ಬರು ಒಂದು ಮಧ್ಯಾಹ್ನ ಮೇಸ್ತ್ರಿಯ ಜೊತೆ ನಮ್ಮ ಬೀದಿಗೆ ಬಂದದ್ದು ನೆನಪಿದೆಯೇ? ಹುಳಿ ಉಳಿದರೆ ಚಿಪ್ಪು ಪುಡಿ ಮಾಡುವ ನಮ್ಮ ಮೆಷೀನು ತುಕ್ಕು ಹಿಡಿಯುತ್ತೆ, ಸರಿಯಾಗಿ ತೊಳೀಬೇಕು ಅಂದರು. ನೀವು ಕೂತಲ್ಲಿಂದಲೇ ತಲೆಯೆತ್ತಿ, "ಮಿಸೀನ್ಗೆ ಉಳಿ ಆಗಕಿಲ್ಲ, ನಮ್ಗೆ ಆಯ್ತದಾ ಸಾ?" ಅಂದಿರಿ. ಅವರು ನಕ್ಕರು. "ನಿಂಗೇನಕ್ಕ, ನೀನು ಕಬ್ಣ" ಅಂತ ಸಿದ್ದರಾಜು ನಕ್ಕ. ನಾವೂ ನಕ್ಕೆವು.

ಮುದ್ದೆ ತಿರುವುತ್ತಿದ್ದಾಗ ಕೋಲು ನಿಮ್ಮ ಕೈಯಿಂದ ಜಾರಿದ ಸಂಜೆ ನಾನು ಒಲೆಯ ಹತ್ತಿರವೇ ಇದ್ದೆ. ಅದಕ್ಕೂ ಮುಂಚೆಯಿಂದ ಹೊಟ್ಟೆನೋವು ಇತ್ತು. ಗ್ಯಾಸು ಅಂತ ಮಾತ್ರೆ ನುಂಗುತ್ತಿದ್ದಿರಿ. ಕೈ ನೋಡಿದರೆ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು, ಎತ್ತಿದರೂ ನಿಲ್ಲುತ್ತಿರಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನಿಮ್ಮ ತುಟಿ ಎತ್ತಿ ಒಸಡಿನ ಮೇಲಿನ ಕಪ್ಪು ಗೆರೆ ನೋಡಿದರು. ಅದು ಎಲೆಅಡಿಕೆ, ಕಡ್ಡಿಪುಡಿ ಹಾಕಿ ಬಂದದ್ದು ಅಂತ ನಾವು ಅಂದುಕೊಂಡಿದ್ದೆವು. ಏನು ಕೆಲಸ ಮಾಡ್ತೀರಿ ಅಂತ ಕೇಳಿದರು. "ಏನಿಲ್ಲ ಬುಡಿ ಸಾ, ಮನೇಲೇ ಇರದು" ಅಂದಿರಿ. ಬ್ಯಾಟರಿ ಕೆಲಸ ಏನಾದರೂ? "ಇಲ್ಲ ಸಾ." ನೀವು ಸುಳ್ಳು ಹೇಳಲಿಲ್ಲ. ಬ್ಯಾಟರಿ ಕೆಲಸ ಅಂದರೆ ಗೇಟಿನ ಒಳಗೆ ಮಾಡುವುದು, ಅಂಗಳದಲ್ಲಿ ಕೂತು ತೊಳೆಯುವುದು ಯಾವ ಸೀಮೆಯ ಕೆಲಸ? ನನಗೂ ಹಾಗೇ ಅನ್ನಿಸಿತ್ತು. ರಕ್ತ ಪರೀಕ್ಷೆ ಬಂದ ಮೇಲೆ, ಈ ಮೈಯಲ್ಲಿ ಇಷ್ಟು ಸೀಸ ಎಲ್ಲಿಂದ ಬಂತು ಅಂತ ಡಾಕ್ಟರು ಗಾಬರಿಯಾದಾಗಲೇ ಚಿಪ್ಪಿನ ಮಾತು ಹೊರಗೆ ಬಂದದ್ದು. ಅಷ್ಟರಲ್ಲಿ ನಿಮ್ಮ ಕಿಡ್ನಿ ಹೋಗಿತ್ತು.

ನಿಮ್ಮ ತಿಥಿ ಮುಗಿದು ಸ್ವಲ್ಪ ದಿನಕ್ಕೆ ಮೈಸೂರಿನ ಒಬ್ಬ ಲಾಯರಮ್ಮ ಮನೆಗೆ ಬಂದರು. ಡಾಕ್ಟರೇ ಅವರಿಗೆ ಹೇಳಿದ್ದರಂತೆ. ಕೆಲಸದಿಂದ ಬಂದ ಕಾಯಿಲೆಗೆ ಕೆಲಸ ಕೊಟ್ಟವರು ಪರಿಹಾರ ಕೊಡಬೇಕು, ಕಾನೂನಿದೆ ಅಂದರು. ನಿಮ್ಮ ಮಗ ಮಾದೇವ ಅರ್ಜಿ ಹಾಕಿದರು. ಫ್ಯಾಕ್ಟರಿಯವರು ಏನಂದರು ಗೊತ್ತೇ? ಚಿಕ್ಕತಾಯಮ್ಮ ಅನ್ನುವವರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಚಿಪ್ಪು ನಾವು ಮೇಸ್ತ್ರಿಗೆ ಮಾರುತ್ತಿದ್ದೆವು ಅಂದರು. ಸಿದ್ದರಾಜು, ನಾನು ಅವರಿಗೆ ಮಾರುತ್ತಿದ್ದೆ, ಅವರು ತೊಳೆದು ನನಗೇ ತಿರುಗಿ ಮಾರುತ್ತಿದ್ದರು, ಅದು ಅವರ ಸ್ವಂತ ವ್ಯಾಪಾರ ಅಂದ. ನೀವು ವ್ಯಾಪಾರಸ್ಥರಂತೆ ಅತ್ತೆ! ಕಾಯಿಲೆ ಸೀಸದಿಂದ ಬಂತು ಅನ್ನುವುದನ್ನು ಯಾರೂ ಇಲ್ಲ ಅನ್ನಲಿಲ್ಲ, ರಕ್ತವೇ ಹೇಳಿತ್ತು. ಅದು ಯಾರ ಕೆಲಸ ಅನ್ನುವುದೊಂದೇ ತೀರ್ಮಾನ ಆಗಬೇಕಿತ್ತು. "ಹೀಗೆ ಮಾಡು ಅಂತ ಯಾರು ಹೇಳ್ತಿದ್ರು, ಮಾಡಿದ್ದು ಸರಿಯಿಲ್ಲ ಅಂತ ಯಾರು ಹೇಳ್ತಿದ್ರು, ಅದನ್ನ ಕಂಡೋರು ಬಂದು ಹೇಳ್ಬೇಕು" ಅಂದರು ಲಾಯರಮ್ಮ. ಪುಟ್ಟಮ್ಮಣ್ಣಿ ಸಾಕ್ಷಿಗೆ ಒಪ್ಪಲಿಲ್ಲ. ಅವಳಿಗೆ ಸಿದ್ದರಾಜುವಿನ ಮೂಟೆ ಬೇಕಿತ್ತು. ಪಕ್ಕದಲ್ಲಿ ಕೂತು ತೊಳೆದವಳು ಇನ್ನು ನಾನೊಬ್ಬಳೇ.

ಕೋರ್ಟಿಗೆ ಹೋಗುವ ಹಿಂದಿನ ದಿನ ನಿಮ್ಮ ಮಗ ಬಾಳೆಮಂಡಿಯಲ್ಲಿ ಲೋಡು ಮುಗಿಸಿ ಬಂದು ಊಟಕ್ಕೆ ಕೂತರು. ತಟ್ಟೆ ಮುಟ್ಟಲಿಲ್ಲ.

"ನಾಳೀಕೆ ಎಲ್ಲಾನೂ ಏಳು. ನಾಲ್ಗೆ ವಿಷ್ಯ ಮಾತ್ರ ಎತ್ಬ್ಯಾಡ" ಅಂದರು.

ಯಾಕೆ ಅಂದೆ.

"ಯಾಕಾ? ನಮ್ಮವ್ವ ಬ್ಯಾಟ್ರಿ ನೆಕ್ತಿದ್ಲು ಅಂತ ಅಷ್ಟ್ ಜನುದ್ ಮುಂದೆ ಏಳ್ತೀಯಾ? ಸತ್ತೋಳ ಮಾನ ತೆಗೀತೀಯಾ?"

ಅವರ ಮಾತು ತಪ್ಪು ಅಂತ ನನಗೂ ಅನ್ನಿಸಲಿಲ್ಲ. ಯಾರ ಮುಂದೆಯೂ ಸೋಲದ ಹೆಂಗಸು ನೀವು. ನಿಮ್ಮನ್ನು ದಡ್ಡಿ ಅಂತ ಯಾರಾದರೂ ಅಂದರೆ, ಅದೂ ನನ್ನ ಮಾತು ಕೇಳಿ...

ಕೋರ್ಟಿನಲ್ಲಿ ನನ್ನ ಹೆಸರು ಕೂಗಿದಾಗ ಹೋಗಿ ಸಾಕ್ಷಿಕಟ್ಟೆ ಹತ್ತಿದೆ. ಫ್ಯಾಕ್ಟರಿಯ ಲಾಯರು ವಯಸ್ಸಾದವರು, ಸಿಟ್ಟು ಮಾಡಲಿಲ್ಲ, ಮನೆಯವರ ಹಾಗೆ ಕೇಳಿದರು. "ನಿಮ್ಮತ್ತೆ ಮೈ ಸರಿ ಇಲ್ಲದಾಗ ತೊಳೀತಿರ್ಲಿಲ್ಲ ಅಲ್ವೇನಮ್ಮ? ಹಬ್ಬದ ದಿನ ತೊಳೀತಿರ್ಲಿಲ್ಲ. ಯಾರೂ ಬಲವಂತ ಮಾಡ್ತಿರ್ಲಿಲ್ಲ." ದೊಡ್ಡವರು ಕೇಳಿದರೆ ನಮಗೆ ಅಭ್ಯಾಸ ಅಲ್ಲವೇ, ಎಲ್ಲಕ್ಕೂ ಊಂ ಅಂದುಬಿಟ್ಟೆ. ಬಲವಂತವಿಲ್ಲ ಅಂದರೆ ಅದು ಸ್ವಂತ ವ್ಯಾಪಾರ ಅಂತಾಗುತ್ತದಲ್ಲ, ಲಾಯರಮ್ಮ ಹಣೆ ಒತ್ತಿಕೊಂಡರು. ಆಗ ಮೇಲೆ ಕೂತಿದ್ದ ಜಡ್ಜ್ ಸಾಹೇಬರು ತಾವೇ ಕೇಳಿದರು, ಚಿಪ್ಪು ಸರಿಯಾಗಿ ತೊಳೆದಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತಿತ್ತು?

ನಾನು ನಿಮ್ಮ ಮಗನ ಮುಖ ನೋಡಿದೆ. ಬೇಡ ಅಂತ ಕಣ್ಣಿನಲ್ಲೇ ಹೇಳಿದರು. ಆಗ ನನಗೆ ಕಾಣಿಸಿದ್ದು ನಿಮ್ಮ ಆ ಜೋತುಬಿದ್ದ ಕೈ. ಕಡೆಕಡೆಗೆ ಅನ್ನ ಕಲಸಲೂ ಆಗದೆ ನಾನು ತುತ್ತು ಕೊಟ್ಟರೆ ಮುಖ ಆ ಕಡೆ ತಿರುಗಿಸಿಕೊಂಡು ತಿನ್ನುತ್ತಿದ್ದಿರಿ.

"ನಾಲ್ಗೆಗೆ ಮುಟ್ಸಿ ನೋಡ್ತಿದ್ರು ಸಾ" ಅಂದೆ.

ಹಿಂದೆ ಬೆಂಚಿನಲ್ಲಿದ್ದವರು ನಕ್ಕರು. "ಬ್ಯಾಟ್ರಿ ನೆಕ್ಕದಾ!" ಅಂತ ಯಾರೋ ಅಂದದ್ದು ಕೇಳಿಸಿತು. ಸಾಹೇಬರು ಸುಮ್ಮನಿರಿಸಿದರು.

"ಹಾಗೆ ನೋಡಿ ಅಂತ ಯಾರು ಹೇಳಿದ್ರು?"

"ಮೇಸ್ತ್ರಿ ಸಾ."

"ಹುಳಿ ಉಳಿದಿದ್ರೆ?"

"ವಾಪಸ್ ತಂದು ಇಳಿಸ್ತಿದ್ರು. ಇನ್ನೊಂದ್ಸಲ ತೊಳೀಬೇಕಿತ್ತು." ಫ್ಯಾಕ್ಟರಿಯ ಆಫೀಸರು ಬಂದು ಹೇಳಿ ಹೋದದ್ದನ್ನೂ ಹೇಳಿದೆ.

ಆಮೇಲೆ ಆ ಲಾಯರು ಮತ್ತೆ ಎದ್ದರು. ಯಾರಾದರೂ ಅಂಥದ್ದನ್ನು ಬಾಯಿಗೆ ಇಡುತ್ತಾರೇನಮ್ಮ, ಅದು ನಿಮ್ಮತ್ತೆಯದೇ ದಡ್ಡತನ ಅಲ್ಲವೇ ಅಂದರು. ನಾನು ತಲೆ ಅಲ್ಲಾಡಿಸಿದೆ. "ತಲೆ ಆಡಿಸಿದ್ರೆ ಬರ್ಕೊಳ್ಳೋಕಾಗಲ್ಲ, ಬಾಯಲ್ಲಿ ಹೇಳಮ್ಮ" ಅಂದರು ಸಾಹೇಬರು. "ಅಲ್ಲ" ಅಂದೆ.

ಮನೆಗೆ ಬಂದು ನಿಮ್ಮ ಮಗ "ಅವ್ವನ್ನ ನಗಪಾಟ್ಲು ಮಾಡ್ಬುಟ್ಟೆ" ಅಂತ ಒಂದು ಮಾತು ಅಂದವರು ಆಮೇಲೆ ತುಂಬ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೀದಿಗೂ ಸುದ್ದಿ ಹರಡಿತು. ಒಂದು ಬೆಳಿಗ್ಗೆ ಪುಟ್ಟಮ್ಮಣ್ಣಿ ಬಂದಳು. ಬೈಯುತ್ತಾಳೆ ಅಂದುಕೊಂಡೆ. "ನಿಮ್ಮತ್ತೆ ಒಬ್ಳೇನಾ? ನಾವೆಲ್ಲ ನೋಡ್ತಿದ್ದದ್ದು ಅಂಗೇ ಅಲ್ವಾ" ಅಂತ ಕಿಟಕಿಯ ಹತ್ತಿರ ನಿಂತು ತನ್ನ ತುಟಿ ಮೇಲೆತ್ತಿ, "ನಂದೂ ಅಂಗೇ ಅದಾ ನೋಡೇ ನಾಗಮಣಿ" ಅಂದಳು. ಇತ್ತು. ಒಸಡಿನ ಗೆರೆ ನಿಮ್ಮದರಷ್ಟು ಕಪ್ಪಿರಲಿಲ್ಲ. ಈಗ ಅವಳು ಆ ಕೆಲಸ ಬಿಟ್ಟಿದ್ದಾಳೆ, ಆಸ್ಪತ್ರೆಗೆ ಹೋಗಿ ಬರುತ್ತಿದ್ದಾಳೆ.

ಹೋದ ವಾರ ಲಾಯರಮ್ಮ ತೀರ್ಪು ತಂದು ನಮ್ಮ ಬಾಗಿಲಲ್ಲೇ ಕೂತು ಓದಿ ಹೇಳಿದರು. ನೀವು ಮಾಡಿದ್ದು ವ್ಯಾಪಾರವಲ್ಲ, ಕೆಲಸ. ಕೊಟ್ಟವನು ಮೇಸ್ತ್ರಿ, ಅವನ ಹಿಂದೆ ಫ್ಯಾಕ್ಟರಿ, ಪರಿಹಾರ ಕೊಡಬೇಕು ಅಂತ ಆಗಿದೆ. ಅವರು ಹೈಕೋರ್ಟಿಗೆ ಹೋಗುತ್ತಾರಂತೆ, ದುಡ್ಡು ಕೈಗೆ ಬರುವುದು ಯಾವಾಗಲೋ. ಅದರಲ್ಲಿ ಒಂದು ಕಡೆ ಹೀಗಿದೆ ಅತ್ತೆ: ಮೃತರು ಚಿಪ್ಪನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದುದು ಅವರ ಅಜಾಗರೂಕತೆಯಲ್ಲ, ಕೆಲಸ ಮಾಡಿಸಿಕೊಂಡವರು ಹೇಳಿಕೊಟ್ಟಿದ್ದು, ಅದು ಆ ಕೆಲಸದ ಭಾಗವೇ ಆಗಿತ್ತು. ನಿಮ್ಮ ಮಗ ಬಾಗಿಲಿಗೆ ಒರಗಿ ನಿಂತಿದ್ದರು. "ಅದೊಂದ ಇನ್ನೊಂದ್ಸಲ ಓದಿ ಮೇಡಮ್" ಅಂದರು. ಅವರು ಓದಿದರು. ನಿಮ್ಮ ಮಗ ಒಳಗೆ ಹೋಗಿ ನಮಗೆಲ್ಲ ತಾವೇ ಟೀ ಇಟ್ಟು ತಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು, ಯಾರೂ ಹೇಳಲಿಲ್ಲ.

ನನ್ನ ರಕ್ತವನ್ನೂ ನೋಡಿದ್ದಾರೆ. ಸೀಸ ಇದೆ, ಕಡಿಮೆ ಇದೆ. ನಿಮ್ಮ ಪಕ್ಕದಲ್ಲೇ ಕೂತು ತೊಳೆದವಳಿಗೆ ಇಷ್ಟು ಕಡಿಮೆ ಹೇಗೆ ಅಂತ ಡಾಕ್ಟರು ಕೇಳಿದರು. ನನ್ನ ಚಿಪ್ಪನ್ನೂ ಅತ್ತೆಯೇ ನೋಡುತ್ತಿದ್ದರು ಅಂದೆ.

ಇನ್ನೊಂದು ಸುದ್ದಿ. ನಿನ್ನೆ ನಮ್ಮವ್ವ ನರಸೀಪುರದ ಕಡೆಯಿಂದ ಫೋನು ಮಾಡಿದ್ದಳು. ಅವಳಿಗೆ ನಿಮ್ಮ ಕಾಯಿಲೆ ಗೊತ್ತು, ಅದು ಎಲ್ಲಿಂದ ಬಂತು ಅನ್ನುವುದನ್ನು ಮಾನಕ್ಕೆ ಅಂಜಿ ನಾವೇ ಹೇಳಿರಲಿಲ್ಲ. "ನಮ್ಮೂರ್ಗೂ ಮನೆ ಬಾಗ್ಲಿಗೇ ಕೆಲ್ಸ ಬಂದದೆ ಕಣವ್ವ. ಅದ್ಯಾವ್ದೋ ಚಿಪ್ಪು ತೊಳೆಯದು. ನಂಜನಗೂಡಿಂದ ಮೇಸ್ತ್ರಿ ಬತ್ತನೆ" ಅಂದಳು. ಇಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಕೆಲಸ ಬಿಟ್ಟ ಮೇಲೆ ಸಿದ್ದರಾಜು ಆ ಕಡೆ ಹೋಗಿದ್ದಾನೆ. ಉಳಿ ನೋಡದು ನಿಮ್ಗೆ ಚೆಂದಾಗಿ ಬತ್ತದೆ ಅಂತ ಅವ್ವನನ್ನು ಹೊಗಳಿದನಂತೆ. ಬಾಯಿಗೆ ಮುಟ್ಟಿಸಬೇಡ ಅಂತ ನಾನು ಫೋನಿನಲ್ಲೇ ಕೂಗಿದೆ. ಅವ್ವ ಹೆದರಿದಳು, ನಾನು ಹುಟ್ಟಿದಾಗಿನಿಂದ ಕೂಗಿದ್ದನ್ನು ಅವಳು ಕೇಳಿಲ್ಲ. ಆದರೂ "ನೋಡ್ದೆ ಕೊಟ್ರೆ ವಾಪಸ್ ಕಳುಸ್ತನಲ್ಲ" ಅಂದಳು.

ನಾಳೆ ಮೊದಲ ಬಸ್ಸಿಗೆ ಊರಿಗೆ ಹೋಗುತ್ತಿದ್ದೇನೆ. ನಿಮ್ಮ ಮಗನೂ ಲೋಡು ಬಿಟ್ಟು ಬರುತ್ತಿದ್ದಾರೆ. ಚಿಪ್ಪು ತೊಳೆಯುವ ಹೆಂಗಸರನ್ನೆಲ್ಲ ಸೇರಿಸಿ, ಹೊಟ್ಟೆನೋವಿನಿಂದ ಕಡೆಯ ತುತ್ತಿನ ತನಕ ಆದದ್ದನ್ನೆಲ್ಲ ಹೇಳುತ್ತೇನೆ. ಯಾರೋ ಒಬ್ಬಳು ಅಂತ ಹೇಳಿದರೆ ಅವರು ನಂಬುವುದಿಲ್ಲ. ನಮ್ಮತ್ತೆ, ಚಿಕ್ಕತಾಯಮ್ಮ ಅಂತ ನಿಮ್ಮ ಹೆಸರು ಹಿಡಿದೇ ಹೇಳುತ್ತೇನೆ. ಈ ಸಲ ನಿಮ್ಮ ಮಗ ಬೇಡ ಅನ್ನಲಿಲ್ಲ. ನೀವೂ ಅನ್ನಬೇಡಿ.

ನಿಮ್ಮ ಸೊಸೆ,
ನಾಗಮಣಿ