ಸೆಲೆಡೋನಿಯೊ ಮಾವ ಕಲ್ಲೂರನ್ನು ನೋಡಿಲ್ಲ

ಬೆಟ್ಟದ ಹಾದಿಗೆ ಪರವಾನಗಿ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಕಚೇರಿ ನನ್ನ ಸೋದರಮಾವ ಸೆಲೆಡೋನಿಯೊ ಯುಪಾ ಅವರ ಅರ್ಜಿಯನ್ನು ಒಂದೇ ವಾಕ್ಯದಲ್ಲಿ ವಜಾ ಮಾಡಿತು: "ಅರ್ಜಿದಾರರು ಸದರಿ ಸ್ಥಳವನ್ನು ಈಗಾಗಲೇ ವೀಕ್ಷಿಸಿರುವುದಾಗಿ ಸ್ವತಃ ಒಪ್ಪಿಕೊಂಡಿರುವುದರಿಂದ ಮೊದಲ ಭೇಟಿಯ ಸೌಲಭ್ಯಕ್ಕೆ ಅರ್ಹರಾಗಿರುವುದಿಲ್ಲ." ಅವರು ನೋಡಿಲ್ಲ ಮಾನ್ಯರೇ. ಇಪ್ಪತ್ತಮೂರು ವರ್ಷ ಪ್ರವಾಸಿಗರ ಡೇರೆ, ಒಲೆ, ಸಿಲಿಂಡರ್ ಹೊತ್ತುಕೊಂಡು ಆ ಪುರಾತನ ಕಲ್ಲೂರಿನ ಮೇಲಿನ ಬಾಗಿಲಿನವರೆಗೆ ಹೋಗಿದ್ದಾರೆ. ಒಂದು ಸಲವೂ ಒಳಗೆ ಕಾಲಿಟ್ಟಿಲ್ಲ. ಎಡಗಣ್ಣು ಆಗಲೇ ಹೋಗಿದೆ. ಬಲಗಣ್ಣು ಡಿಸೆಂಬರಿನ ಮಳೆ ಹಿಡಿಯುವವರೆಗೆ ಉಳಿದರೆ ಪುಣ್ಯ ಎಂದು ವೈದ್ಯರು ಹೇಳಿದ್ದಾರೆ. ಅವರು ನೋಡದ ಹಾಗೆ ಮಾಡಿದ್ದು ಅರ್ಧ ನಿಮ್ಮ ನಿಯಮ, ಇನ್ನರ್ಧ ನಾನು. ನಿಮ್ಮ ಅರ್ಧವನ್ನು ಬೈಯೋಣ ಎಂದೇ ಬರೆಯಲು ಕೂತೆ. ಬರೆಯುತ್ತಾ ಹೋದ ಹಾಗೆ ನನ್ನ ಅರ್ಧವೇ ದೊಡ್ಡದಾಗುತ್ತಿದೆ.

ನಾನು ನಿಮ್ಮ ಕಚೇರಿಯ ಲೈಸೆನ್ಸ್ ಪಡೆದು ಕುಸ್ಕೊದ ಒಂದು ಸಣ್ಣ ಚಾರಣ ಸಂಸ್ಥೆಯಲ್ಲಿ ನಾಲ್ಕು ದಿನದ ಪ್ರಯಾಣದ ಯೋಜನೆ ಹಾಕುವವಳು, ಕೆಲವೊಮ್ಮೆ ತಂಡದ ಜೊತೆಗೂ ಹೋಗುವವಳು. ಯಾವ ರಾತ್ರಿ ಎಲ್ಲಿ ಡೇರೆ, ಯಾವ ದಿಬ್ಬದ ಮೇಲೆ ಎಷ್ಟು ಹೊತ್ತು ವಿಶ್ರಾಂತಿ, ಯಾರಿಗೆ ಹಾಲು ಒಗ್ಗುವುದಿಲ್ಲ, ಯಾರು ಗೊರಕೆ ಹೊಡೆಯುತ್ತಾರೆ, ಎಲ್ಲ ನನ್ನ ತಲೆಯಲ್ಲಿರುತ್ತದೆ. ಹದಿನಾಲ್ಕು ವರ್ಷದಿಂದ ನನ್ನ ಪ್ರತಿ ಯೋಜನೆಯ ಕೊನೆಯಲ್ಲಿ ಇದೇ ಸಾಲು ಇದೆ: "ನಾಲ್ಕನೇ ದಿನ ಬೆಳಿಗ್ಗೆ: ಪ್ರವಾಸಿಗರು ಮೇಲಿನ ಬಾಗಿಲಿನಿಂದ ಕಲ್ಲೂರಿಗೆ. ಹೊರೆಯಾಳುಗಳು ಎಡಗಡೆಯ ಇಳಿಜಾರಿನಲ್ಲಿ ರೈಲು ನಿಲ್ದಾಣಕ್ಕೆ." ಇದು ನಿಮ್ಮ ನಿಯಮ, ಟೈಪು ಮಾಡಿದ್ದು ನನ್ನ ಬೆರಳು. ಜನ ಹೆಚ್ಚಾದರೆ ಪುರಾತನ ಕಲ್ಲು ಸವೆಯುತ್ತದೆ ಎಂದು ಕಾರಣ ಕೊಟ್ಟಿದ್ದೀರಿ. ಟೈರಿನ ಚಪ್ಪಲಿಗೆ ಸವೆಯುವ ಕಲ್ಲು ಪರದೇಶದ ಬೂಟಿಗೆ ಯಾಕೆ ಸವೆಯುವುದಿಲ್ಲ, ಇದು ಯಾವ ವಿಜ್ಞಾನ ಸ್ವಾಮಿ? ಕೆಳಗಿನ ಪೇಟೆಯ ಕಿಟಕಿಯಲ್ಲಿ ಸರತಿ ನಿಂತು ಯಾರು ಬೇಕಾದರೂ ಟಿಕೆಟ್ ಪಡೆಯಬಹುದಲ್ಲ ಎಂದು ನೀವು ಕೇಳಬಹುದು. ಪಡೆಯಬಹುದು. ಬೆಳಿಗ್ಗೆ ಇಳಿದವರು ಮಧ್ಯಾಹ್ನದ ರೈಲು ಹಿಡಿದು, ಮರುದಿನ ಇನ್ನೊಂದು ತಂಡದ ಡೇರೆ ಹೊರದಿದ್ದರೆ ಪಡೆಯಬಹುದು, ಅದೂ ಆ ದಿನದ ಟಿಕೆಟ್ ಅಷ್ಟರಲ್ಲಿ ಮುಗಿದಿರದಿದ್ದರೆ. ನಿಮ್ಮ ಕಚೇರಿಯ ಬಾಗಿಲಲ್ಲಿ ಆಳೆತ್ತರದ ಚಿತ್ರವೊಂದಿದೆಯಲ್ಲ, 'ಇವರು ನಮ್ಮ ಹೆಮ್ಮೆ' ಎಂದು ಬರೆದು ಹೊರೆ ಹೊತ್ತವನ ಬೆನ್ನು ತೋರಿಸಿದ್ದು? ಮುಖ ತೋರಿಸಿದ್ದರೆ, ಅವನು ಯಾವ ಕಡೆಗೆ ಇಳಿದು ಹೋಗುತ್ತಿದ್ದಾನೆ ಎಂದು ಯಾರಾದರೂ ಕೇಳಿಯಾರು.

ಸರಿ, ಇನ್ನು ನನ್ನ ಅರ್ಧ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಸೆಲೆಡೋನಿಯೊ ಮಾವ. ಶಾಲೆಗೆ ಹೊಳೆ ದಾಟಿಸಿದ್ದು ಅವರ ಬೆನ್ನು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಅವರನ್ನು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿದ್ದೆ. ಎಡಗಣ್ಣು ಮುಗಿಯಿತು, ಬಲಗಣ್ಣಿನ ನರ ಒಣಗುತ್ತಿದೆ, ಹನಿ ಹಾಕಿಕೊಂಡು ಇನ್ನೊಂದು ವರ್ಷ ದೂಡಬಹುದು ಎಂದರು. ಹೊರಗೆ ಬಂದು ಮಾರುಕಟ್ಟೆಯಲ್ಲಿ ಇಬ್ಬರೂ ಕೋಳಿ ಸಾರು ಕುಡಿಯುತ್ತಾ ಕೂತೆವು.

"ಬೇಜಾರಾಯ್ತಾ ಮಾವ?"

"ಬೇಜಾರೇನ್ ಬಂತು! ಹಾದಿ ನನ್ ಕಾಲಿಗೆ ಗೊತ್ತು. ಆಲೂಗಡ್ಡೆ ಕೈಗೆ ಗೊತ್ತು. ನಿಮ್ಮತ್ತೆ ಮುಖ ಜ್ಞಾಪಕದಲ್ಲೈತೆ, ಈಗ ನೋಡೋಕಿಂತ ಜ್ಞಾಪಕದಲ್ಲೇ ಚೆಂದಾಗವ್ಳೆ." ನಕ್ಕು, ಸಾರಿನ ಬಟ್ಟಲು ಕೆಳಗಿಟ್ಟರು. "ಒಂದೇ ಒಂದು ಉಳ್ಕೊಂಡ್ಬಿಡ್ತದೆ ನೋಡು. ಆ ಕಲ್ಲೂರು. ಅಷ್ಟು ದೊಡ್ಡ ಕಲ್ಲು ಹೊತ್ರಲ್ಲ, ಅವ್ರೂ ನಮ್ಮಂಗೆ ಹೊರೆಯೋರೇ ತಾನೇ? ಯಾವ್ ಕಡೆಯಿಂದ ಹತ್ತಿಸಿದ್ರು, ಎಲ್ಲಿ ಇಳಿಸಿದ್ರು, ಎಲ್ಲಿ ಕೂತು ಸುಧಾರಿಸ್ಕೊಂಡ್ರು ಅಂತ ನೋಡ್ಬೇಕು. ಬಂದೋರೆಲ್ಲ ರಾಜ ಎಲ್ಲಿ ಮಲಗ್ತಿದ್ದ ಅಂತ ಕೇಳ್ತಾರೆ. ಇದನ್ನ ಒಬ್ರೂ ಕೇಳಾಕಿಲ್ಲ."

"ಮೇ ತಿಂಗಳ ತಂಡದಲ್ಲಿ ನಿನ್ ಹೆಸರು ಹಾಕ್ತೀನಿ. ಹೊರೆಯಾಳು ಅಂತಲ್ಲ, ಚಾರಣಿಗ ಅಂತ. ಸಾಹೇಬನ ಥರ ಕೈ ಬೀಸ್ಕೊಂಡು ಬರ್ತೀಯ. ಒಳಗೆಲ್ಲ ನಾನೇ ತೋರಿಸ್ತೀನಿ."

"ಆಣೆ?"

"ಆಣೆ ಮಾವ."

ಅಕ್ಟೋಬರಿನ ಒಂದು ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಕಚೇರಿ ಮುಂದಿನ ವರ್ಷದ ಪಟ್ಟಿ ತೆರೆಯಿತು. ಹೆಸರು ಹಾಕಲು ಕುಸ್ಕೊದ ನಾವೆಲ್ಲ ಕಂಪ್ಯೂಟರಿನ ಮುಂದೆ ಕೂತಿದ್ದೆವು. ನನ್ನ ಪಾಲಿಗೆ ಸಿಕ್ಕಿದ್ದು ಹದಿನಾರು ಜಾಗ. ಹದಿನೈದು ಪ್ರವಾಸಿಗರು, ಹದಿನಾರನೆಯದು ಮಾವ. ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಅವರ ಹೆಸರು ಏರಿತು. ಅಷ್ಟರಲ್ಲಿ ನಮ್ಮ ಯಜಮಾನರು ಬಂದು, "ಆ ಎಂಟು ಜನರ ತಂಡಕ್ಕೆ ಇನ್ನೊಬ್ರು ಸೇರ್ಕೊಂಡವ್ರಂತೆ. ಅವ್ರಿಗೆ ಜಾಗ ಇಲ್ದಿದ್ರೆ ಯಾರೂ ಬರಲ್ವಂತೆ. ಏನಾದ್ರೂ ಮಾಡು ರುಫಿನಾ" ಎಂದು ಹೇಳಿ ಚಹಾ ಕುಡಿಯಲು ಹೋದರು. ಅವರು ನನ್ನ ಕತ್ತಿನ ಮೇಲೆ ಕತ್ತಿ ಇಟ್ಟಿದ್ದರು ಎಂದು ಬರೆಯಲು ಎಷ್ಟು ಆಸೆ! ಇಟ್ಟಿರಲಿಲ್ಲ. ಹದಿನಾರನೆಯ ಹೆಸರು ಯಾರದೆಂದು ಕೂಡ ಅವರಿಗೆ ಗೊತ್ತಿರಲಿಲ್ಲ. ಇದು ನಮ್ಮ ಮಾವ, ಇವರ ಕಣ್ಣು ಹೋಗುತ್ತಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು; ಆ ಮನುಷ್ಯ ಕಟುಕನಲ್ಲ. ನಾನು ಹೇಳಲಿಲ್ಲ. ಕೆಲಸದಲ್ಲಿ ಗಟ್ಟಿಗಿತ್ತಿ ಅನ್ನಿಸಿಕೊಳ್ಳುವ ಚಟ ನನಗೆ. ಒಂಬತ್ತು ಗಂಟೆ ಹನ್ನೊಂದು ನಿಮಿಷಕ್ಕೆ ಮಾವನ ಹೆಸರನ್ನು ಅಳಿಸಿ ಹೊರೆಯಾಳುಗಳ ಪಟ್ಟಿಗೆ ಹಾಕಿದೆ. ಬಾಗಿಲಲ್ಲಿ ನಿಮ್ಮವರಿಗೆ ಹೇಗಾದರೂ ಹೇಳಿ ಒಳಗೆ ಬಿಡಿಸಿಕೊಂಡರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಾವನಿಗೆ ಮಾತ್ರ ಹೇಳಲಿಲ್ಲ.

ಜನವರಿಯಲ್ಲಿ ಅವರು ಒಂದು ಚೀಲ ಒಣಗಿಸಿದ ಆಲೂಗಡ್ಡೆ ಹೊತ್ತುಕೊಂಡು ನಮ್ಮ ಆಫೀಸಿಗೆ ಬಂದರು. ಚೀಲವನ್ನು ಮೂಲೆಯಲ್ಲಿಟ್ಟು, ಪ್ರವಾಸಿಗರು ಕೂರುವ ಮೆತ್ತನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಈಗ ನಾನು ಗಿರಾಕಿ. ಗಿರಾಕಿಗೆ ಹೇಳ್ದಂಗೇ ಹೇಳು."

ಅವರೇ ಇಪ್ಪತ್ತಮೂರು ವರ್ಷ ತುಳಿದ ಹಾದಿಯನ್ನು ನಾನು ಅವರಿಗೆ ಓದಿ ಹೇಳಿದೆ. "ಒಂದನೇ ದಿನ ಸೇತುವೆಯಿಂದ ಹೊರಡೋದು. ಮಧ್ಯಾಹ್ನ ಹೊಳೆ ದಂಡೇಲಿ ಊಟ."

"ಅಡುಗೆ ಯಾರು ಮಾಡ್ತಾರೆ?"

"ಅಡುಗೆಯವ್ರು."

"ನಾನು?"

"ನೀನು ಕೂತ್ಕೊಂಡು ಉಣ್ಣೋದು."

"ಅಯ್ಯೋ, ನಾಚ್ಕೆ ಆಗ್ತದೆ ಕಣವ್ವಾ. ತಟ್ಟೆನಾದ್ರೂ ತೊಳೀತೀನಿ."

"ಎರಡನೇ ದಿನ ದೊಡ್ಡ ಏರು ಹತ್ತೋದು. ನಿಧಾನಕ್ಕೆ, ಅಲ್ಲಲ್ಲಿ ನಿಂತು ಫೋಟೋ ತೆಗೀತಾ."

"ಬರೀ ಬೆನ್ನಲ್ಲಿ ಆ ಗಾಳಿಗೆ ನಿಂತ್ರೆ ನಾನು ಹಾರೇ ಹೋಗ್ತೀನಿ. ಒಂದು ಕಲ್ಲಾದ್ರೂ ಕಟ್ಟು ಬೆನ್ನಿಗೆ!"

ಅವರು ನಕ್ಕರು, ನಾನೂ ನಕ್ಕೆ. ನಗುನಗುತ್ತಲೇ "ನಾಲ್ಕನೇ ದಿನ ಮಾವ ಕಲ್ಲೂರಿನ ಒಳಗೆ" ಎಂದು ಓದಿದೆ. ಹೆಸರು ಅಳಿಸಿ ಆಗಲೇ ಮೂರು ತಿಂಗಳಾಗಿತ್ತು. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಆಮೇಲೆ ಇನ್ನೂ ಮೂರು ಸಲ ಬಂದರು. ಬಸೀಲಿಯಾ ಅತ್ತೆ ಈ ಪ್ರಯಾಣಕ್ಕೆಂದೇ ಹೆಣೆದ ಕಿವಿಟೋಪಿ ತೋರಿಸಲು ಒಮ್ಮೆ. ಬಿಸಿಲಿಗೆ ಕಣ್ಣಿಗೆ ಹನಿ ಎಷ್ಟು ಹೊತ್ತಿಗೊಮ್ಮೆ ಹಾಕಬೇಕು ಎಂದು ಕೇಳಲು ಒಮ್ಮೆ. ಏಪ್ರಿಲಿನಲ್ಲಿ ಜೀವನದಲ್ಲಿ ಮೊದಲ ಸಲ ಕೊಂಡ ಬೂಟು ಹಾಕಿಕೊಂಡು, ಕುಂಟುತ್ತಾ. ಬೂಟು ಪಳಗಿಸಲು ಆಲೂಗಡ್ಡೆ ಹೊಲದ ಸುತ್ತ ದಿನಾ ಓಡಾಡುತ್ತಿದ್ದರಂತೆ. "ಸಾಹೇಬ್ರ ಸವಾರಿ ಎಲ್ಲಿಗೋ? ಚೀಲ ಹೊರೋಕೆ ನಾವು ಬರ್ಬೇಕಾ?" ಎಂದು ಊರವರು ರೇಗಿಸುತ್ತಿದ್ದರಂತೆ. ಆ ನಾಲ್ಕು ಸಲದಲ್ಲಿ ಯಾವ ಸಲ ಬೇಕಾದರೂ ನಾನು ನಿಜ ಹೇಳಬಹುದಿತ್ತು. ಪ್ರತಿ ಸಲವೂ ಮುಂದಿನ ಸಲ ಎಂದುಕೊಂಡೆ.

ಮೇ ತಿಂಗಳು ಸೇತುವೆಯ ಬಳಿ ನಿಮ್ಮ ಗುಮಾಸ್ತ ಪಟ್ಟಿ ನೋಡಿ ತಲೆಯೆತ್ತಿದ. "ಯುಪಾ, ಸೆಲೆಡೋನಿಯೊ. ಹೊರೆಯಾಳು. ಹೊರೆ ಎಲ್ಲಯ್ಯಾ?"

"ಈ ಸಲ ನಾನು ಬರೀ ನಡೆಯೋನು ಸ್ವಾಮಿ," ಎಂದರು ಮಾವ ಹೆಮ್ಮೆಯಿಂದ. "ನಮ್ ಹುಡುಗಿ ಹೆಸರು ಹಾಕ್ಸವ್ಳೆ."

"ಇಲ್ಲಿ ಹೊರೆಯಾಳು ಅಂತೈತೆ. ಹೊರೆ ಇಲ್ದೆ ಬಿಡಕ್ಕಾಗಲ್ಲ."

ಮಾವ ನನ್ನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅವರು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ: "ಮಾವ, ಅದೇನಾಯ್ತು ಅಂದ್ರೆ, ಆವತ್ತು ಆ ಕಂಪ್ಯೂಟರು..."

"ಬಿಡವ್ವಾ," ಎಂದರು. "ಹಳೇ ಚಪ್ಪಲಿ ತಂದಿದ್ದು ಒಳ್ಳೇದಾಯ್ತು."

ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಡೇರೆಯನ್ನೂ ಸಿಲಿಂಡರನ್ನೂ ಬಟ್ಟೆಯಲ್ಲಿ ಕಟ್ಟಿ ನಿಮ್ಮ ತಕ್ಕಡಿಗಿಟ್ಟರು. ಸರಿಯಾಗಿ ಇಪ್ಪತ್ತು ಕಿಲೋ. ನಿಯಮ ಮೀರದ ಮನುಷ್ಯ. ಹೊರಡುವ ಮೊದಲು ಎಲ್ಲರಂತೆ ಮೂರು ಕೋಕಾ ಎಲೆ ಆರಿಸಿ, ಬೆಟ್ಟದ ಕಡೆ ಹಿಡಿದು ಉಸಿರೂದಿ ಬೇಡಿಕೊಂಡರು. ನಾನು ಹಿಂದೆಯೇ ನಿಂತಿದ್ದೆ. "ಬೆಟ್ಟದಪ್ಪಾ, ಹುಡುಗಿ ಮೇಲೆ ಮುನಿಸ್ಕೋಬ್ಯಾಡ. ಕೆಲಸದಲ್ಲಿರೋರಿಗೆ ನೂರೆಂಟು ತಾಪತ್ರಯ." ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಾಲ್ಕನೇ ಬೆಳಿಗ್ಗೆ ಮೇಲಿನ ಬಾಗಿಲಲ್ಲಿ ನಾನು ನಿಮ್ಮವರ ಕಾಲಿಗೆ ಬೀಳುವುದೊಂದು ಬಾಕಿ. "ಹೊರೆಯಾಳುಗಳು ಎಡಕ್ಕೆ" ಎನ್ನುವುದೊಂದೇ ಉತ್ತರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಿಮಗಾಗಿ ತೆಗೆದಿಟ್ಟಿದ್ದೆ. ಈಗ ನೋಡಿದರೆ ಪೂಜಾರಿಯ ಜಾಗದಲ್ಲಿ ನಾನೇ ನಿಂತಿದ್ದೇನೆ. "ಹೋಗವ್ವಾ, ಗಿರಾಕಿಗಳು ಕಾಯ್ತವ್ರೆ. ಕಲ್ಲು ಎಲ್ಲಿ ಇಳಿಸವ್ರೆ ಅಂತ ನೀನೇ ನೋಡ್ಕೊಂಡ್ ಬಾ," ಎಂದು ಮಾವ ಎಡಕ್ಕೆ ಇಳಿದರು. ಸಂಸ್ಥೆಯವಳೆಂದು ನನಗೆ ಪ್ರವೇಶವಿತ್ತು. ಒಳಗೆ ಹೋದೆ. ಹೌದು, ಹೋದೆ! ಹದಿನಾರು ಜನಕ್ಕೆ ರಾಜ ಎಲ್ಲಿ ಮಲಗುತ್ತಿದ್ದ ಎಂದು ತೋರಿಸಿದೆ. ಸಂಜೆ ನಿಲ್ದಾಣದಲ್ಲಿ ಮಾವ ಕೇಳಿದರು, "ನೋಡಿದ್ಯಾ?"

"ಮಂಜಿತ್ತು ಮಾವ. ಏನೂ ಕಾಣ್ಲಿಲ್ಲ."

ಆ ದಿನ ಆಕಾಶ ತೊಳೆದಿಟ್ಟ ಹಾಗಿತ್ತು.

ಜೂನಿನಲ್ಲಿ, ಇಪ್ಪತ್ತು ವರ್ಷ ದುಡಿದೂ ಒಳಗೆ ಹೋಗದ ಹೊರೆಯಾಳುಗಳಿಗೆ ಒಂದು ದಿನದ ಪ್ರವೇಶ ಎಂದು ನೀವು ಘೋಷಿಸಿದಿರಿ. ಒಳ್ಳೆಯ ಕೆಲಸ, ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ನಾನೇ ಅರ್ಜಿ ತುಂಬಿದೆ. ನಿಮ್ಮ ಅಧಿಕಾರಿಯೊಬ್ಬರು ಹಳೆಯ ದಾಖಲೆ ತೆಗೆದು, ಏಳು ನಿಮಿಷದ ಅಂತರದಲ್ಲಿ ಹೆಸರು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾರಿದ್ದನ್ನು ಹಿಡಿದರು. ನನ್ನನ್ನು ಕರೆಸಿ ಕೇಳಬಹುದಿತ್ತು. ಅವರು ಮಾವನಿಗೆ ಫೋನು ಮಾಡಿದರು. ಪಕ್ಕದಲ್ಲೇ ಇದ್ದ ಬಸೀಲಿಯಾ ಅತ್ತೆ ಎಲ್ಲ ಕೇಳಿಸಿಕೊಂಡಿದ್ದಾರೆ.

"ನಿಮ್ ಹೆಸರು ಮೊದಲು ಚಾರಣಿಗರ ಪಟ್ಟೀಲಿತ್ತು, ಆಮೇಲೆ ತೆಗೆದಿದಾರೆ. ಮೋಸ ಮಾಡಿ ತೆಗೆದಿದ್ರೆ ಆ ಹೆಣ್ಣುಮಗಳ ಲೈಸೆನ್ಸ್ ರದ್ದಾಗತ್ತೆ. ಹೇಳಿ, ನೀವು ಒಳಗೆ ಹೋಗಿದ್ರೋ ಇಲ್ವೋ?"

ಮಾವ ಒಂದು ಗಳಿಗೆಯೂ ತಡೆಯಲಿಲ್ಲವಂತೆ. "ಹೋಗಿದ್ನಲ್ಲ ಸ್ವಾಮಿ! ನಮ್ ಹುಡುಗಿನೇ ಕೈ ಹಿಡ್ಕೊಂಡು ತೋರಿಸಿದ್ಲು. ಎಲ್ಲಾ ನೋಡ್ದೆ."

ಇದನ್ನೇ ನೀವು 'ಸ್ವತಃ ಒಪ್ಪಿಕೊಂಡಿರುವುದರಿಂದ' ಎಂದು ಬರೆದಿದ್ದೀರಿ. ಮಗುವಿನ ತಲೆಯ ಮೇಲೆ ಕಲ್ಲು ಎತ್ತಿ ಹಿಡಿದು ನಿಜ ಹೇಳು ಎಂದರೆ ಯಾವ ತಂದೆ ನಿಜ ಹೇಳುತ್ತಾನೆ?

ನಿಮ್ಮ ಪತ್ರ ಬಂದ ದಿನವೇ ನಾನು ಬೆಟ್ಟದಲ್ಲಿರುವ ಮಾವನ ಊರಿಗೆ ಓಡಿದೆ. ಮಾವ ಅಂಗಳದಲ್ಲಿ ಕೂತು ಕೈಯಲ್ಲಿ ಮುಟ್ಟಿ ಮುಟ್ಟಿ ಬಿತ್ತನೆಯ ಆಲೂಗಡ್ಡೆ ಆರಿಸುತ್ತಿದ್ದರು.

"ಯಾಕ್ ಮಾವ ಹಂಗಂದೆ? ಯಾಕಂದೆ?"

"ಇನ್ನೇನನ್ಲಿ? ನನ್ ಕಣ್ಣು ಹೆಂಗೂ ಹೋಗೋದು. ಜೊತೆಗೆ ನಿನ್ ಕೆಲಸ ಯಾಕ್ ಹೋಗ್ಬೇಕು? ಅಳ್ಬ್ಯಾಡ, ಬಿತ್ತನೆ ಒದ್ದೆ ಆಗ್ತದೆ."

ಈಗ ಮಾವ ಊರಲ್ಲೂ ಅದೇ ಹೇಳುತ್ತಿದ್ದಾರೆ, ಎಲ್ಲಿಂದಾದರೂ ನಿಮ್ಮ ಕಿವಿಗೆ ಬೇರೆ ಮಾತು ಬಿದ್ದೀತೆಂದು. ಹಾಗಾದರೆ ಅಲ್ಲಿ ಏನು ನೋಡಿದೆ ಎಂದು ಯಾರಾದರೂ ಕೇಳಿದರೆ "ಕಲ್ಲು" ಎಂದು ಹೇಳಿ ಎದ್ದು ಹೋಗುತ್ತಾರೆ.

ಆದ್ದರಿಂದ ಮಾನ್ಯರೇ, ಪತ್ರಿಕೆಗೂ ಒಂದು ಪ್ರತಿ ಕೊಟ್ಟು ಎಲ್ಲರೆದುರು ಬರೆದುಕೊಡುತ್ತಿದ್ದೇನೆ: ಸೆಲೆಡೋನಿಯೊ ಯುಪಾ ಕಲ್ಲೂರನ್ನು ನೋಡಿಲ್ಲ. ಹೆಸರು ಅಳಿಸಿದ್ದು ನಾನು, ಯಾರ ಒತ್ತಾಯವೂ ಇಲ್ಲದೆ. ನನ್ನ ಲೈಸೆನ್ಸಿನ ಮೂಲಪ್ರತಿಯನ್ನು ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಹರಿಯಿರಿ, ಇಟ್ಟುಕೊಳ್ಳಿ, ನಿಮ್ಮಿಷ್ಟ. ಹೊರೆಯಾಳುಗಳೆಲ್ಲರ ಪರವಾನಗಿ ಚೀಟಿಗೂ ನಾಲ್ಕನೇ ದಿನ ಆ ಬಾಗಿಲು ತೆರೆಯಬೇಕು. ಅದಕ್ಕೆ ಸಭೆ, ಸಮಿತಿ, ವರದಿ ಎಂದು ನೀವು ವರ್ಷ ತೆಗೆದುಕೊಳ್ಳುತ್ತೀರೆಂದು ಗೊತ್ತು. ಮಾವನ ಬಲಗಣ್ಣಿಗೆ ಅಷ್ಟು ಸಮಯವಿಲ್ಲ. ಅವರ ಅರ್ಜಿಯನ್ನು ಈ ತಿಂಗಳೇ ಮಂಜೂರು ಮಾಡಿ, ಮಳೆ ಹಿಡಿಯುವ ಮೊದಲು ಒಂದು ಹಗಲು ಒಳಗೆ ಬಿಡಿ. ಜೊತೆಗೆ ನಾನು ಹೋಗುವುದಿಲ್ಲ, ಆ ಯೋಗ್ಯತೆ ಕಳೆದುಕೊಂಡಿದ್ದೇನೆ. ಅತ್ತೆ ಹೋಗಲಿ.

ವಿಚಾರಣೆ ಮಾಡುವುದಿದ್ದರೆ ನನ್ನನ್ನು ಕರೆಸಿ. ಎಷ್ಟು ಸಲ ಕರೆದರೂ ಬರುತ್ತೇನೆ. ಈ ಪತ್ರ ಅಚ್ಚಾದದ್ದು ಮಾವನಿಗೆ ಗೊತ್ತಾಗುವುದಿಲ್ಲ. ಓದಿ ಹೇಳದಂತೆ ಅತ್ತೆಯನ್ನು ಬೇಡಿಕೊಂಡಿದ್ದೇನೆ. ದಯವಿಟ್ಟು ಅವರಿಗೆ ಮಾತ್ರ ಮತ್ತೆ ಫೋನು ಮಾಡಬೇಡಿ. ಕೇಳಿದರೆ, ನೋಡಿದ್ದೇನೆ ಎಂದೇ ಹೇಳುತ್ತಾರೆ.

ಇಂತಿ,
ಮಾವನಿಗೆ ಅವರ ಅರವತ್ತೊಂದನೇ ವಯಸ್ಸಿನಲ್ಲಿ ಸುಳ್ಳು ಕಲಿಸಿದವಳು,
ರುಫಿನಾ ಸುಟ್ಟಾ
ಕುಸ್ಕೊ, ಸೆಪ್ಟೆಂಬರ್ ಮೊದಲ ವಾರ